ಪೆಪ್ಟೈಡ್ ಸ್ಟಾಕ್ ಮಾಡೋಕೆ 10–100 ಮೈಕ್ರೋಲೀಟರ್ ಪಿಪೆಟ್, ಎಂಟು ತಿಂಗಳು ಬಳಸಿದ್ಮೇಲೆ
ಲ್ಯಾಬ್‌ನಲ್ಲಿ ಪೆಪ್ಟೈಡ್ (ಅಮೈನೋ ಆಮ್ಲಗಳ ಚಿಕ್ಕ ಸರಪಳಿ) ಪುಡಿ ಕರಗಿಸಿ ಸ್ಟಾಕ್, ಅಂದ್ರೆ ಆಮೇಲೆ ಬಳಸೋಕೆ ಗಟ್ಟಿ ದ್ರಾವಣ, ಮಾಡಿಡೋ ಕೆಲಸ ನಂದು. ಹಳೇ ಪಿಪೆಟ್‌ನಿಂದ ತುಂಬಾ ಒದ್ದಾಡಿದೀನಿ, ಒಂದೇ ಬ್ಯಾಚು ಒಂದ್ಸಲ ಒಂದು ರಿಸಲ್ಟ್ ಕೊಟ್ರೆ ಇನ್ನೊಂದ್ಸಲ ಇನ್ನೊಂದು, ಪ್ರಯೋಗದ ಜೀವಕೋಶಗಳದ್ದೇ ತೊಂದ್ರೆ ಅಂದ್ಕೊಂಡು ಮೂರು ವಾರ ಹೋಯ್ತು, ಕೊನೆಗೆ ತೂಕ ಮಾಡಿ ನೋಡಿದ್ರೆ 100ಕ್ಕೆ ಇಟ್ರೆ 94 ಅಷ್ಟೇ ಬರ್ತಿತ್ತು.

ಅದಕ್ಕೇ ಈ ಹೊಸದು ಬಂದ ದಿನಾನೇ ತಕ್ಕಡಿ ಮೇಲಿಟ್ಟೆ. ಡಿಸ್ಟಿಲ್ಡ್ ನೀರು, ಹತ್ತು ಸಲ. 20 ಡಿಗ್ರಿಲಿ 100 ಮೈಕ್ರೋಲೀಟರ್ ನೀರು ತಕ್ಕಡಿಲಿ ಸುಮಾರು 99.7 ಮಿಲಿಗ್ರಾಂ ತೋರಿಸ್ಬೇಕು, ನಂಗೆ ಹತ್ತೂ ಸಲ 99.3ರಿಂದ 99.9ರ ಒಳಗೇ ಬಂತು. ಪಿಪೆಟ್‌ಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 8655 ಪ್ರಕಾರ ಈ ಸೈಜಿಗೆ 0.8 ಮೈಕ್ರೋಲೀಟರ್ ಆಚೀಚೆ ಆಗ್ಬಹುದು, ಆದ್ರೆ ಒಂದು ಗಮನಿಸಿ, ಆ 0.8 ಅನ್ನೋದು ಡಯಲ್ 10ಕ್ಕೆ ಇಟ್ಟಾಗ್ಲೂ ಅಷ್ಟೇ, ಅಂದ್ರೆ ಅಲ್ಲಿ ನೂರಕ್ಕೆ ಎಂಟು ತಪ್ಪಿದ್ರೂ ಪಿಪೆಟ್ ಪಾಸೇ. ನಾನಂತೂ 30ರ ಕೆಳಗೆ ಇದ್ರಲ್ಲಿ ಅಳೆಯಲ್ಲ, ಅದಕ್ಕೆ ಚಿಕ್ಕ ಪಿಪೆಟ್ಟೇ ಬೇಕು.

ಪಿಪೆಟ್ ಎಷ್ಟೇ ಚೆನ್ನಾಗಿದ್ರೂ ಲೆಕ್ಕ ತಪ್ಪಿದ್ರೆ ಮುಗೀತು. ಟ್ಯೂಬ್ ಮೇಲೆ 1 ಮಿಲಿಗ್ರಾಂ ಅಂತ ಇದ್ರೆ ಅದು ಬರೀ ಪುಡಿ ತೂಕಾನಾ ಅಂತ ಸರ್ಟಿಫಿಕೇಟ್ ನೋಡಿ, ನೆಟ್ ಪೆಪ್ಟೈಡ್ (ಪುಡಿ ತೂಕದಲ್ಲಿ ನಿಜವಾಗ್ಲೂ ಪೆಪ್ಟೈಡ್ ಎಷ್ಟು ಅನ್ನೋದು) 80 ಪರ್ಸೆಂಟ್ ಅಂತಿದ್ರೆ ಉಳಿದಿದ್ದು ನೀರು, ಉಪ್ಪು. ಪ್ಯೂರಿಟಿ 98 ಅಂತ ಬರೆದಿರೋದು ಬೇರೆ ವಿಷಯ, ಅಲ್ಲಿರೋ ಪೆಪ್ಟೈಡ್‌ನಲ್ಲಿ ನಮಗೆ ಬೇಕಾದ್ದು ಎಷ್ಟು ಅಂತಷ್ಟೇ ಅದು ಹೇಳೋದು, ಅದನ್ನ ಹಿಡ್ಕೊಂಡು ಲೆಕ್ಕ ಹಾಕ್ಬೇಡಿ ದಯವಿಟ್ಟು. ಅಲ್ಲಿರೋ ಪೆಪ್ಟೈಡ್ 0.8 ಮಿಲಿಗ್ರಾಂ, ಮಿಲಿಲೀಟರ್‌ಗೆ 10 ಮಿಲಿಗ್ರಾಂ ಬೇಕಂದ್ರೆ ಹಾಕ್ಬೇಕಾಗಿರೋದು 80 ಮೈಕ್ರೋಲೀಟರ್, 100 ಅಲ್ಲ.

ಫ್ರೀಜರ್‌ನಿಂದ ತೆಗೆದ ಟ್ಯೂಬ್ ರೂಮ್ ಟೆಂಪರೇಚರ್‌ಗೆ ಬರೋ ತನಕ ಮುಚ್ಚಳ ತೆಗೀಬೇಡಿ, ಪುಡಿ ತೇವ ಎಳ್ಕೊಳ್ಳುತ್ತೆ. ಆಮೇಲೆ ಸೆಂಟ್ರಿಫ್ಯೂಜ್‌ನಲ್ಲಿಟ್ಟು ಒಂದ್ಸಲ ಸ್ಪಿನ್ ಕೊಡಿ, ಎಷ್ಟೋ ಸಲ ಪುಡಿ ಮುಚ್ಚಳದೊಳಗೇ ಅಂಟ್ಕೊಂಡಿರುತ್ತೆ. ಈ ಪಿಪೆಟ್‌ನ ಪ್ಲಂಜರ್ ನಂಗಿಷ್ಟ ಆಗಿದ್ದು ಇಲ್ಲೇ, ಸ್ಪ್ರಿಂಗ್ ಎಷ್ಟು ಮೆತ್ತಗಿದೆ ಅಂದ್ರೆ ನೀರು ಟ್ಯೂಬ್ ಗೋಡೆ ಮೇಲಿಂದ ಹನಿಹನಿಯಾಗಿ ಇಳಿಯುತ್ತೆ, ಗೋಡೆಗೆ ಅಂಟಿದ್ದ ಬಿಳೀ ಪೊರೆ ಅಂಚಿಂದ ಕರಗ್ತಾ ಬರೋದು ಕಣ್ಣಿಗೇ ಕಾಣುತ್ತೆ, ನೊರೆ ಬರಲ್ಲ. ನೀರಿನ ಬದಲು ಡಿಎಂಎಸ್ಒ ಅನ್ನೋ ದ್ರಾವಕ ಆದ್ರೆ ಮಾತ್ರ ರಿವರ್ಸ್ ಪಿಪೆಟಿಂಗ್ (ಸ್ವಲ್ಪ ಜಾಸ್ತಿ ಎಳ್ಕೊಂಡು ಬೇಕಾದಷ್ಟೇ ಬಿಡೋದು) ಮಾಡಿ, ಅದು ಮಂದ, ಟಿಪ್ ಒಳಗೆ ಸ್ವಲ್ಪ ಉಳ್ಕೊಂಡ್ಬಿಡುತ್ತೆ.

ದೂರು ಒಂದೇ, ಡಯಲ್‌ಗೆ ಲಾಕ್ ಇಲ್ಲ. ಗ್ಲೌಸ್ ತಾಗಿ 80 ಇದ್ದಿದ್ದು 81.5 ಆಗಿದ್ದು ಎರಡು ಸಲ ಸಿಕ್ಕಿದೆ, ಈಗ ಪ್ರತೀ ಟ್ಯೂಬಿಗೂ ಮುಂಚೆ ನಂಬರ್ ನೋಡ್ಕೊಂಡೇ ಅದ್ದೋದು.