ಎಟಿಮಾನ್‌ಲೈನ್: ಆರು ವರ್ಷ ಬಳಸಿದ ಮೇಲೆ

ನಾನು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಇಂಗ್ಲಿಷ್ ಪದಗಳ ಮೂಲ ಹೇಳುವ ಎಟಿಮಾನ್‌ಲೈನ್ ಆನ್‌ಲೈನ್ ನಿಘಂಟನ್ನು ಆರು ವರ್ಷದಿಂದ ಹೆಚ್ಚುಕಮ್ಮಿ ದಿನಾ ನೋಡುತ್ತೇನೆ. ಕಟ್ಟಿದವರು ಅಮೆರಿಕದ ಪೆನ್ಸಿಲ್ವೇನಿಯಾದ ಡಗ್ಲಸ್ ಹಾರ್ಪರ್. ಒಂದು ಪೈಸೆ ಕೊಡದೆ ಬಳಸಬಹುದು.

ಅದಕ್ಕೂ ಮುಂಚೆ ಇನ್ಯಾವುದೋ ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದ್ದೆ. ದಿನಕ್ಕೊಂದು ಪದ, ಜೊತೆಗೊಂದು ಕಥೆ. 'ಸಿನ್ಸಿಯರ್' ಪದಕ್ಕೆ ಅದು ಕೊಟ್ಟ ಕಥೆ: ರೋಮ್‌ನ ಶಿಲ್ಪಿಗಳು ಬಿರುಕು ಬಿಟ್ಟ ಮೂರ್ತಿಗೆ ಮೇಣ ಮೆತ್ತಿ ಮಾರುತ್ತಿದ್ದರಂತೆ, ಮೇಣ ಹಚ್ಚದ ಮೂರ್ತಿಯೇ 'ಸಿನೆ ಸೆರಾ', ಅಂದರೆ ಪ್ರಾಮಾಣಿಕ. ಎಷ್ಟು ಚೆನ್ನಾಗಿದೆ ನೋಡಿ! ಮೂರು ಸೆಕ್ಷನ್‌ಗೂ ಕೈ ಆಡಿಸಿಕೊಂಡು ಹೇಳಿದೆ. ಆಮೇಲೆ ಎಟಿಮಾನ್‌ಲೈನ್ ತೆಗೆದರೆ, ಈ ಮೇಣದ ಕಥೆಗೆ ಆಧಾರವೇ ಇಲ್ಲ ಅಂತ ನೇರವಾಗಿ ಬರೆದಿದೆ. ಲ್ಯಾಟಿನ್ನಿನ 'ಸಿಂಕೇರುಸ್' ಅಂದರೆ ಶುದ್ಧ, ಕಲಬೆರಕೆ ಇಲ್ಲದ್ದು, ಅಷ್ಟೇ. ಮಾರನೇ ದಿನ ಮೂರೂ ಸೆಕ್ಷನ್‌ಗೆ ಹೋಗಿ "ನಿನ್ನೆ ಹೇಳಿದ್ದು ತಪ್ಪು ಕಣ್ರಪ್ಪಾ" ಅಂದೆ. ಪ್ರಾಮಾಣಿಕ ಅನ್ನೋ ಪದದ ಬಗ್ಗೆಯೇ ಸುಳ್ಳು ಹೇಳಿ ಸಿಕ್ಕಿಹಾಕಿಕೊಂಡಿದ್ದೆ.

ಈ ನಿಘಂಟಿನ ರುಚಿ ಹತ್ತಿಸಿದ್ದು 'ನೈಸ್' ಅನ್ನೋ ಪದ. ಸುಮಾರು 1300ರ ಹೊತ್ತಿಗೆ ಇಂಗ್ಲಿಷಿನಲ್ಲಿ ಅದರ ಅರ್ಥ ದಡ್ಡ! ಲ್ಯಾಟಿನ್ನಿನ 'ನೆಸ್ಕಿಯುಸ್', ಅಂದರೆ ಏನೂ ತಿಳಿಯದವನು, ಹಳೇ ಫ್ರೆಂಚಿನ ಮೂಲಕ ಬಂತು. ತಿಳಿಯುವುದಕ್ಕೆ ಲ್ಯಾಟಿನ್ನಿನಲ್ಲಿ 'ಸ್ಕಿರೆ'. 'ಸೈನ್ಸ್' ಹುಟ್ಟಿದ್ದೂ ಅದರಿಂದಲೇ. ದಡ್ಡನಿಂದ ಪುಕ್ಕಲ, ಅಲ್ಲಿಂದ ಅತಿ ನಾಜೂಕಿನವ, ಆಮೇಲೆ ಸೂಕ್ಷ್ಮ, ನಿಖರ, ಹೀಗೆ ಜಾರುತ್ತಾ ಜಾರುತ್ತಾ 1769ಕ್ಕೆ 'ಹಿತವಾದ', 1830ಕ್ಕೆ 'ಒಳ್ಳೇ ಮನಸ್ಸಿನ'. ನಮ್ಮಲ್ಲಿ ಇದೇ ಪದ ಅಡುಗೆಮನೆ ಸೇರಿದೆ, "ಹಿಟ್ಟು ನೈಸಾಗಿ ರುಬ್ಬು" ಅಂತೀವಿ. ಇವತ್ತಿನ ಇಂಗ್ಲಿಷರ 'ನೈಸ್'ಗಿಂತ ಆ ಹಳೇ 'ಸೂಕ್ಷ್ಮ'ಕ್ಕೆ ನಮ್ಮದೇ ಹತ್ತಿರ ಅನ್ನಿಸುತ್ತದೆ. ಪಾಠ ಮುಗಿಸುವಾಗ ಹಿಂದಿನ ಬೆಂಚಿನಿಂದ "ಸಾರ್, ನೈಸ್ ರೋಡು?" ಅಂತ ಬಂತು. ಅದು ಬೆಂಗಳೂರಿನ ಆ ರಸ್ತೆ ಮಾಡಿದ ಕಂಪನಿ ಹೆಸರಿನ ಮೊದಲಕ್ಷರಗಳು ಮಾರಾಯ, ಕೂತ್ಕೋ ಅಂದೆ. ಮಾರನೇ ದಿನ ಬೋರ್ಡ್ ಮೇಲೆ ಬರೆದಿತ್ತು: 'ಅವರ್ ಸರ್ ಈಸ್ ವೆರಿ ನೈಸ್ (1300)'.

'ಸಿಲ್ಲಿ' ಇದರ ಉಲ್ಟಾ ದಾರಿ ಹಿಡಿದ ಪದ. ಮೊದಲು ಸುಖಿ, ದೇವರ ಕೃಪೆ ಇರುವವನು. ನಂತರ ಮುಗ್ಧ, ಆಮೇಲೆ ಅಯ್ಯೋ ಅನಿಸುವವನು, ಕೊನೆಗೆ ಪೆದ್ದ. ಮಕ್ಕಳಿಗೆ ಇದನ್ನು ವಿವರಿಸಲು ಕಷ್ಟವೇ ಆಗಲಿಲ್ಲ. ನಾವು "ಪಾಪ, ಅವನಿಗೇನೂ ಗೊತ್ತಾಗಲ್ಲ" ಅನ್ನುವಾಗ ಆ 'ಪಾಪ'ದಲ್ಲಿ ಪಾಪ ಎಲ್ಲಿದೆ?

ಸಂಸ್ಕೃತದ ನೆಂಟರನ್ನು ಅದು ತೋರಿಸುವುದು ನನ್ನಂಥವರಿಗೆ ದೊಡ್ಡ ಲಾಭ. 'ಕ್ವಿಕ್' ಅಂದರೆ ಮೂಲದಲ್ಲಿ ಜೀವಂತ, ನಮ್ಮ 'ಜೀವ'ದ ದಾಯಾದಿ. ಪಾದರಸಕ್ಕೆ 'ಕ್ವಿಕ್‌ಸಿಲ್ವರ್' ಅಂತ ಯಾಕೆ ಹೇಳುತ್ತಾರೆ ಅಂತ ಆಗ ತಿಳಿಯಿತು, ಜೀವ ಇದ್ದಂತೆ ಓಡಾಡುವ ಬೆಳ್ಳಿ. 'ಸ್ವೀಟ್' ಪಕ್ಕದಲ್ಲಿ 'ಸ್ವಾದು', 'ನ್ಯೂ' ಪಕ್ಕದಲ್ಲಿ 'ನವ'. 'ಡೆಕ್ಸ್ಟರಸ್' ಅಂದರೆ ಬಲಗೈಯ ಚಳಕ, ಅದರ ನೆಂಟ 'ದಕ್ಷಿಣ'. ಪೂರ್ವಕ್ಕೆ ಮುಖ ಮಾಡಿ ನಿಂತರೆ ಬಲಗಡೆ ದಕ್ಷಿಣ ತಾನೆ? ಕ್ಲಾಸಿನವರನ್ನೆಲ್ಲ ಎಬ್ಬಿಸಿ ಪೂರ್ವಕ್ಕೆ ತಿರುಗಿಸಿದೆ. ಎಡಚರಿಗೆ ಮಾತ್ರ ಬೇಜಾರಾಯಿತು, ಇಂಗ್ಲಿಷಿನಲ್ಲಿ ಕೇಡಿನದು ಅನ್ನೋ ಅರ್ಥದ 'ಸಿನಿಸ್ಟರ್'ಗೆ ಲ್ಯಾಟಿನ್ನಿನಲ್ಲಿ ಮೂಲಾರ್ಥ ಎಡ.

ಹೊಸಬರು ಎಡವುವ ಜಾಗ ಇಸವಿಗಳು. ಅಲ್ಲಿರುವ ವರ್ಷ ಪದ ಹುಟ್ಟಿದ ವರ್ಷ ಅಲ್ಲ, ಬರವಣಿಗೆಯಲ್ಲಿ ಸಿಕ್ಕ ಅತಿ ಹಳೇ ದಾಖಲೆಯದು. ನಾನೇ ಎರಡು ವರ್ಷ ತಪ್ಪು ತಿಳಿದಿದ್ದೆ. ವಿವರಣೆ ಕನ್ನಡದಲ್ಲಿ ಇಲ್ಲದಿರುವುದರಿಂದ ಮಕ್ಕಳ ಕೈಗೆ ಫೋನ್ ಕೊಟ್ಟು ಓದಿಕೊಳ್ಳಿ ಅನ್ನುವ ಹಾಗಿಲ್ಲ, ಮೇಷ್ಟ್ರೇ ಓದಿ ಬಿಡಿಸಿ ಹೇಳಬೇಕು. ಪರೀಕ್ಷೆಯ ಅಂಕಕ್ಕಂತೂ ಇದರಿಂದ ನಯಾಪೈಸೆ ಉಪಯೋಗವಿಲ್ಲ.

ಕನ್ನಡ ಪದಗಳಿಗೆ ಬೇರೆ ಕಡೆ ಹೋಗಬೇಕು. 1894ರ ಕಿಟ್ಟೆಲ್ ಕೋಶ ಇದೆ, ದ್ರಾವಿಡ ಮೂಲಗಳಿಗೆ ಬರೋ ಮತ್ತು ಎಮೆನೋ ಅವರ ನಿಘಂಟು ಇದೆ. ಮೊನ್ನೆ ಒಬ್ಬಳು "ಸಾರ್, 'ಸೊಗಸು' ಎಲ್ಲಿಂದ ಬಂತು?" ಅಂದಳು. ಮೊದಲಾಗಿದ್ದರೆ ಅಲ್ಲೇ ಒಂದು ಕಥೆ ಕಟ್ಟಿಬಿಡುತ್ತಿದ್ದೆ. ಸೋಮವಾರ ನೋಡಿಕೊಂಡು ಬಂದು ಹೇಳ್ತೀನಮ್ಮ ಅಂದಿದ್ದೇನೆ.