ಹಳೆಯ ಜರ್ಮನ್ ನಗರಚಿತ್ರ: ಬ್ರೌನ್-ಹೋಗೆನ್‌ಬರ್ಗ್ ಬೇಕೋ, ಮೇರಿಯನ್ ಬೇಕೋ?

ಹಳೆಯ ನಗರಚಿತ್ರದ ಅಚ್ಚಿನ ಹಾಳೆ ಕೊಳ್ಳುವವರಿಗೆ ಇಲ್ಲಿ ಎರಡು ಆಯ್ಕೆ: ಬ್ರೌನ್-ಹೋಗೆನ್‌ಬರ್ಗ್ ಸಂಪುಟಗಳ ಹಾಳೆ, ಇಲ್ಲವೇ ಮೇರಿಯನ್ ಮಾಲಿಕೆಯ ಹಾಳೆ. ಗೋಡೆಗೆ ಒಂದೇ ಚಿತ್ರ ಸಾಕು, ಬಣ್ಣ ಕಣ್ಣಿಗೆ ಹಬ್ಬವಾಗಬೇಕು ಅಂದರೆ ಬ್ರೌನ್-ಹೋಗೆನ್‌ಬರ್ಗ್ ತಗೊಳ್ಳಿ. ಜರ್ಮನಿಯ ಕಲೋನ್ ನಗರದ ಪಾದ್ರಿ ಗೇಯೋರ್ಗ್ ಬ್ರೌನ್ ಸಂಪಾದಕ. ಅಚ್ಚಿಗಾಗಿ ಚಿತ್ರಗಳನ್ನು ತಾಮ್ರದ ತಗಡಿನ ಮೇಲೆ ಕೊರೆದವರಲ್ಲಿ ಮುಖ್ಯನಾದವನು ಫ್ರಾನ್ಸ್ ಹೋಗೆನ್‌ಬರ್ಗ್. 1572ರಿಂದ 1617ರವರೆಗೆ ಆರು ಸಂಪುಟ, 500ಕ್ಕೂ ಜಾಸ್ತಿ ನೋಟಗಳು. ಮುಂದೆ ಆ ಊರಿನ ಉಡುಪು ತೊಟ್ಟ ಜನ, ಹಿಂದೆ ಕೋಟೆ, ನದಿ, ಚರ್ಚಿನ ಗೋಪುರ. ಆ ಜನರನ್ನು ನೋಡುತ್ತಾ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಯುರೋಪಿನಾಚೆಯ ಊರುಗಳೂ ಇವೆ. ನಮ್ಮ ಕಡಲತೀರದ ಕಲ್ಲಿಕೋಟೆಯೂ ಇದೆ!

ಮ್ಯಾಥೆಯಸ್ ಮೇರಿಯನ್ ಬೇರೆಯೇ ರೀತಿ. ಬಾಸೆಲ್‌ನಲ್ಲಿ ಹುಟ್ಟಿದವನು, ಫ್ರಾಂಕ್‌ಫರ್ಟ್‌ನಲ್ಲಿ ಮಾವನ ಪ್ರಕಾಶನ ವಹಿಸಿಕೊಂಡ. 1642ರಲ್ಲಿ ಶುರುವಾದ ಅವನ ನಗರಚಿತ್ರ ಸಂಪುಟಗಳ ಮಾಲಿಕೆಗೆ ಬರಹ ಮಾರ್ಟಿನ್ ಝೈಲರ್‌ನದು. 1650ರಲ್ಲಿ ಮೇರಿಯನ್ ತೀರಿಕೊಂಡ ಮೇಲೆ ಮಕ್ಕಳು ಮುಂದುವರಿಸಿದರು. ಇಲ್ಲಿ ಸಣ್ಣ ಪೇಟೆಗಳು, ಮಠಗಳು, ಅರಮನೆಗಳಿಗೂ ಜಾಗವಿದೆ. ಜರ್ಮನ್ ನಾಡುಗಳನ್ನು ಹಾಳುಗೆಡವಿದ ಮೂವತ್ತು ವರ್ಷದ ಯುದ್ಧ (1618–1648) ಇನ್ನೂ ನಡೆಯುತ್ತಿದ್ದ ಕಾಲ ಅದು. ಹಾಳಾದ ಎಷ್ಟೋ ಊರುಗಳ ಹಳೆಯ ರೂಪ ಈ ಹಾಳೆಗಳಲ್ಲಿ ಉಳಿದಿದೆ. ಜರ್ಮನಿಯ ಒಂದು ಊರಿನ ಚರಿತ್ರೆ ಹುಡುಕುವವರಿಗೆ ನನ್ನ ಮತ ಇವನಿಗೇ.

ಕೊಳ್ಳುವಾಗ ಬಣ್ಣ ನೋಡಿ. ಎರಡೂ ಅಚ್ಚಾದದ್ದು ಕಪ್ಪು ಶಾಯಿಯಲ್ಲೇ. ಬಣ್ಣ ಕೈಯಿಂದ ಹಚ್ಚಿದ್ದು. ಬ್ರೌನ್ ಹಾಳೆಗೆ ಆ ಕಾಲದಲ್ಲೇ ಹಚ್ಚಿದ ಬಣ್ಣ ಇರಬಹುದು. ಮೇರಿಯನ್ ಹಾಳೆಯಲ್ಲಿ ಬಣ್ಣ ಕಂಡರೆ ಅದು ಬಹುಪಾಲು ಆಮೇಲೆ ಹಚ್ಚಿದ್ದೇ. ಬಣ್ಣ ಯಾವಾಗಿನದು ಅಂತ ಮಾರುವವರನ್ನು ಕೇಳಿ, ಆಮೇಲೆ ಬೆಲೆ ಮಾತಾಡಿ.