ಸ್ಟ್ಯಾನ್ಲಿ ಸ್ಟೀಮರ್ 1910: ಓಡಿಸೋಕೆ ಸುಖ, ಹೊರಡಿಸೋಕೆ ತಾಳ್ಮೆ ಬೇಕು

ಹಳೇ ಕಾರು ಅಂದರೆ ಗಡಗಡ ಸದ್ದು ಅಂತ ನಂಬಿದವರು ಉಗಿಯಿಂದ ಓಡುವ ಈ ಸ್ಟ್ಯಾನ್ಲಿ ಕಾರಿನಲ್ಲಿ ಕೂತು ನೋಡಬೇಕು. ಕ್ಲಚ್ ಇಲ್ಲ, ಗೇರ್‌ಬಾಕ್ಸ್ ಇಲ್ಲ. ಸ್ಟೀರಿಂಗ್ ಹತ್ತಿರದ ಸಣ್ಣ ಲಿವರ್ ಸರಿಸಿದರೆ ಸಾಕು, ಮೆಲ್ಲಗೆ ಉಸ್ಸೆಂದು ಹೊರಟೇಬಿಡುತ್ತದೆ. ನಿಂತಲ್ಲಿಂದಲೇ ಪೂರ್ತಿ ಬಲ ಸಿಗುವುದರಿಂದ ಏರಿನಲ್ಲೂ ತಿಣುಕುವುದಿಲ್ಲ. ಬರೀ 10 ಹಾರ್ಸ್‌ಪವರ್ ಅಲ್ವಾ ಅಂತ ಹಗುರವಾಗಿ ನೋಡಬೇಡಿ. ಇದೇ ಕಂಪನಿಯ ರೇಸ್ ಕಾರು 1906ರಲ್ಲೇ ಡೇಟೋನಾ ಬೀಚ್‌ನಲ್ಲಿ ಗಂಟೆಗೆ 205 ಕಿ.ಮೀ. ಮುಟ್ಟಿತ್ತು.

ಹೊರಡುವ ಮುಂಚಿನ ಕೆಲಸ ಮಾತ್ರ ಜಾಸ್ತಿ. ಗಾಜಿನ ಕೊಳವೆಯಲ್ಲಿ ಬಾಯ್ಲರ್ ನೀರಿನ ಮಟ್ಟ ನೋಡಬೇಕು, ಬೆಂಕಿ ಕಾರುವ ಟಾರ್ಚ್‌ನಿಂದ ಪೈಲಟ್ ಅನ್ನು, ಅಂದರೆ ದೊಡ್ಡ ಬರ್ನರ್ ಹೊತ್ತಿಸುವ ಸಣ್ಣ ಬರ್ನರ್ ಅನ್ನು, ಕಾಯಿಸಬೇಕು, ಅದು ನೀಲಿಯಾಗಿ ಉರಿಯೋಕೆ ಶುರುವಾದ ಮೇಲೆ ದೊಡ್ಡ ಬರ್ನರ್ ತೆರೆಯಬೇಕು. ಇಲ್ಲಿ ಅವಸರ ಮಾಡಿದರೆ ಇಂಧನ ಸರಿಯಾಗಿ ಆವಿಯಾಗದೆ ಬೆಂಕಿ ಆಚೆಗೇ ಚಾಚುತ್ತದೆ. ತಣ್ಣಗಿದ್ದ ಗಾಡಿಗೆ ಅರ್ಧ ಗಂಟೆ ಕೊಡಿ. 1912ರಲ್ಲಿ ಕ್ಯಾಡಿಲಾಕ್ ಕಂಪನಿ ಪೆಟ್ರೋಲ್ ಕಾರಿಗೆ ಎಲೆಕ್ಟ್ರಿಕ್ ಸ್ಟಾರ್ಟರ್ ತಂದಾಗ ಜನ ಪೆಟ್ರೋಲ್ ಕಡೆ ಯಾಕೆ ವಾಲಿದರು ಅಂತ ಆ ಅರ್ಧ ಗಂಟೆಯಲ್ಲೇ ಗೊತ್ತಾಗುತ್ತದೆ. ಅವಳಿ ಸಹೋದರರಾದ ಫ್ರಾನ್ಸಿಸ್ ಮತ್ತು ಫ್ರೀಲನ್ ಸ್ಟ್ಯಾನ್ಲಿ ಕಟ್ಟಿದ ಈ ಕಂಪನಿಯ ಕಥೆಯೇ 1924ರ ಹೊತ್ತಿಗೆ ಮುಗಿಯಿತು.

ಇನ್ನೊಂದು ತೊಂದರೆ ನೀರಿನದು. ಉಗಿಯನ್ನು ಮತ್ತೆ ನೀರು ಮಾಡುವ ಕಂಡೆನ್ಸರ್ ಬಂದದ್ದು 1915ರಲ್ಲಿ. ಅದಕ್ಕೂ ಮುಂಚಿನ ಈ ಗಾಡಿಯಲ್ಲಿ ಉಗಿಯೆಲ್ಲ ಗಾಳಿಗೇ ಹೋಗುತ್ತದೆ. ಹಾಗಾಗಿ ನಲವತ್ತು ಐವತ್ತು ಕಿಲೋಮೀಟರ್‌ಗೊಮ್ಮೆ ನೀರು ಹುಡುಕಲೇಬೇಕು. ಬ್ರೇಕ್ ಹಿಂದಿನ ಚಕ್ರಗಳಿಗೆ ಮಾತ್ರ, ಇಳಿಜಾರಿನಲ್ಲಿ ಮೈಯೆಲ್ಲ ಕಣ್ಣಾಗಿರಿ.

ಬಾಯ್ಲರ್ ಸಿಡಿಯುತ್ತೆ ಅನ್ನುವ ಭಯ ತುಂಬ ಜನಕ್ಕಿದೆ. ಸೀಟಿನ ಮುಂದೆ ಬಾನೆಟ್ ಎತ್ತಿದರೆ ಅದು ಕಾಣುತ್ತದೆ: ಡ್ರಮ್ಮಿನಂಥ ಉಕ್ಕಿನ ಪಾತ್ರೆ, ಅದರ ಸುತ್ತ ಪಿಯಾನೋ ತಂತಿಯನ್ನು ಒತ್ತೊತ್ತಾಗಿ ಪದರ ಪದರವಾಗಿ ಸುತ್ತಿದ್ದಾರೆ, ಒಳಗೆ ನೂರಾರು ಸಣ್ಣ ಕೊಳವೆ. ನೀರು ಬತ್ತಿದರೆ ಮೊದಲು ಕೊಳವೆ ಸೋರಿ ಒತ್ತಡ ಇಳಿದುಹೋಗುತ್ತದೆ. ಆ ಕಾಲಕ್ಕೆ ಇಷ್ಟು ಯೋಚಿಸಿ ಕಟ್ಟಿದ್ದಾರಲ್ಲ, ನನಗೆ ಈ ಕಾರಿನಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಅದೇ.

ಕೊಳ್ಳುವವರು ಒರಿಜಿನಲ್ ಬಾಯ್ಲರೇ ಬೇಕು ಅಂತ ಸುಮ್ನೆ ಹಟ ಹಿಡಿಯಬೇಡಿ. ಹೊಸದಾಗಿ ಕಟ್ಟಿದ ಬಾಯ್ಲರ್ ಇದ್ದರೆ ಒಳ್ಳೆಯದೇ, ಗಾಡಿ ಓಡುತ್ತಿರುತ್ತದೆ. ಒತ್ತಡ ಪರೀಕ್ಷೆ ಯಾವಾಗ ಆಯಿತು ಅಂತ ಕೇಳಿ, ಕಾಗದ ತೋರಿಸದಿದ್ದರೆ ಮುಂಗಡ ಕೊಡಬೇಡಿ.